ಮೊದಲು ಕ್ಲಬ್ಬು, ಆಮೇಲೆ ಲೇಬಲ್: ಬೀಜಿಂಗಿನ ಮೇಬಿ ಮಾರ್ಸ್

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ಸಣ್ಣ ರೆಕಾರ್ಡ್ ಕಂಪನಿಯ ಬಗ್ಗೆ. ಹೆಸರು ಮೇಬಿ ಮಾರ್ಸ್. ಊರು ಬೀಜಿಂಗ್. ಶುರುವಾಗಿದ್ದು 2007ರಲ್ಲಿ. ಕಟ್ಟಿದವರು ಮೈಕೆಲ್ ಪೆಟ್ಟಿಸ್ ಎಂಬ ಅಮೆರಿಕದ ಮೇಷ್ಟ್ರು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಹಣಕಾಸು ವಿಷಯ ಪಾಠ ಮಾಡುತ್ತಿದ್ದವರು. ಚೀನಾದ ಆರ್ಥಿಕತೆಯ ಬಗ್ಗೆ ಓದುವ ಅಭ್ಯಾಸ ಇರುವವರಿಗೆ ಈ ಹೆಸರು ಪರಿಚಯ ಇರುತ್ತದೆ. ಚೀನಾ ಹೂಡಿಕೆಗೆ ಜಾಸ್ತಿ ಸುರಿಯುತ್ತಿದೆ, ಜನರ ಕೈಯಲ್ಲಿ ಖರ್ಚಿಗೆ ಕಡಿಮೆ ಬಿಡುತ್ತಿದೆ ಎಂದು ವರ್ಷಗಟ್ಟಲೆ ವಾದಿಸಿದವರು ಅವರೇ. ಅದೇ ಮನುಷ್ಯ ರಾತ್ರಿ ಹೊತ್ತು ಗಿಟಾರಿನ ಗದ್ದಲ ತುಂಬಿದ ಒಂದು ಕ್ಲಬ್ಬನ್ನೂ ನಡೆಸುತ್ತಿದ್ದರು.

ಒಂದು ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಬ್ಯಾಂಡುಗಳಿಗೆ ಬೆಂಬಲ ಕೊಡುತ್ತದೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೆಂಬಲ ಅಂದರೆ ಏನು? ದುಡ್ಡಾ? ಪ್ರಚಾರವಾ? ನನಗೆ ಮೇಬಿ ಮಾರ್ಸ್ ಮುಖ್ಯ ಅನ್ನಿಸುವುದು ಬೇರೆ ಕಾರಣಕ್ಕೆ. ಬ್ಯಾಂಡು ಬೆಳೆಯಲು ಮೊದಲು ಒಂದು ಜಾಗ ಬೇಕು. ಆಮೇಲೆ ಅದು ಒಡೆದು ಹೋಗುವ ಮೊದಲೇ ಯಾರಾದರೂ ಅದರ ಸದ್ದನ್ನು ರೆಕಾರ್ಡ್ ಮಾಡಬೇಕು. ಮೇಬಿ ಮಾರ್ಸ್ ಈ ಎರಡನ್ನೂ ಮಾಡಿತು, ಇದೇ ಕ್ರಮದಲ್ಲಿ ಮಾಡಿತು. ಅದರ ಕತೆ ನನಗೆ ಇಷ್ಟವಾಗುವುದು ಅದಕ್ಕೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಚೀನಾದ ರಾಕ್ ಸಂಗೀತದ ಕತೆ ಹೇಳುವವರು ಸಾಮಾನ್ಯವಾಗಿ 1986ರ ಮೇ ತಿಂಗಳಿಂದ ಶುರು ಮಾಡುತ್ತಾರೆ. ಬೀಜಿಂಗಿನ ಕಾರ್ಮಿಕರ ಒಳಾಂಗಣ ಕ್ರೀಡಾಂಗಣದಲ್ಲಿ ತ್ಸುಯಿ ಜಿಯೆನ್ ಎಂಬ ಹುಡುಗ ವೇದಿಕೆ ಹತ್ತಿ ಒರಟು ದನಿಯಲ್ಲಿ ಹಾಡಿದ. ಆವರೆಗೆ ಅಲ್ಲಿನ ವೇದಿಕೆಗಳಲ್ಲಿ 'ನಾವು' ಎಂದು ಹಾಡುವುದೇ ರೂಢಿ. ಈತ 'ನಾನು' ಎಂದು ಹಾಡಿದ. ಅಲ್ಲಿಂದ ಮುಂದೆ ಟಾಂಗ್ ಡೈನಸ್ಟಿಯಂಥ ಬ್ಯಾಂಡುಗಳು ಬಂದವು. ತೈವಾನಿನ ಮ್ಯಾಜಿಕ್ ಸ್ಟೋನ್ ಎಂಬ ಕಂಪನಿ ದೋ ವೇ, ಝಾಂಗ್ ಚು, ಹ ಯೋಂಗ್ ಎಂಬ ಮೂವರ ಆಲ್ಬಮ್‌ಗಳನ್ನು ತಂದಿತು. 1994ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನಲ್ಲಿ ಅವರ ದೊಡ್ಡ ಕಾರ್ಯಕ್ರಮವೂ ನಡೆಯಿತು. ಆಮೇಲೆ ಆ ಉತ್ಸಾಹ ಇಳಿಯಿತು. ಹೊರಗಿನ ದುಡ್ಡು ಬಂದ ಹಾಗೇ ಹೋಯಿತು.

ನಿಜವಾಗಿ ರೋಚಕವಾದದ್ದು ಆಮೇಲೆ ನಡೆಯಿತು. ಅದು ನಡೆದಿದ್ದು ಗುಜರಿಯಲ್ಲಿ.

1990ರ ದಶಕದಲ್ಲಿ ಅಮೆರಿಕ, ಯುರೋಪಿನ ಸಂಗೀತ ಕಂಪನಿಗಳು ಮಾರಾಟವಾಗದೆ ಉಳಿದ ಸಿ.ಡಿ., ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಗುಜರಿ ಎಂದು ತೂಕದ ಲೆಕ್ಕದಲ್ಲಿ ಹೊರಹಾಕುತ್ತಿದ್ದವು. ಯಾರೂ ಮತ್ತೆ ಮಾರಬಾರದು ಎಂದು ಅಂಚಿನಲ್ಲಿ ಗರಗಸದಿಂದ ಒಂದು ಕಚ್ಚು ಹಾಕುತ್ತಿದ್ದರು. ಆ ಗುಜರಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕರಾವಳಿಗೆ ಬಂದು ಇಳಿಯುತ್ತಿತ್ತು. ಕರಗಿಸಬೇಕಾಗಿದ್ದ ರಾಶಿಯನ್ನು ಅಲ್ಲಿನ ಜನ ಆರಿಸಿ, ವಿಂಗಡಿಸಿ, ದೇಶದ ಊರೂರಿಗೆ ಕಳಿಸಿದರು. ಇವಕ್ಕೆ ದಾಕೋ ಎಂದು ಹೆಸರು. ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. ಹಾಗಾಗಿ ಅಂಚು ಕತ್ತರಿಸಿದರೆ ಕೊನೆಯ ಒಂದೆರಡು ಹಾಡು ಮಾತ್ರ ಹಾಳು. ಉಳಿದದ್ದೆಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಕ್ಯಾಸೆಟ್ಟಿನ ಟೇಪು ತುಂಡಾಗಿದ್ದರೆ ಅಂಟಿಸಿಕೊಂಡು ಕೇಳುತ್ತಿದ್ದರು.

ಇದರ ಪರಿಣಾಮ ಏನಾಯಿತು ಯೋಚಿಸಿ. ರೇಡಿಯೋ ಇಲ್ಲ, ವಿಮರ್ಶಕರ ಪಟ್ಟಿ ಇಲ್ಲ, ಯಾವುದು ದೊಡ್ಡ ಹೆಸರು ಯಾವುದು ಸಣ್ಣದು ಎಂದು ಹೇಳುವವರಿಲ್ಲ. ಅಲ್ಲಿ ಮಾರಾಟವಾಗದ ವಿಚಿತ್ರ ಸಂಗೀತವೇ ಇಲ್ಲಿಗೆ ರಾಶಿರಾಶಿಯಾಗಿ ಬಂತು. 1970ರ ದಶಕದ ಪಂಕ್ ರಾಕ್, 1980ರ ದಶಕದ ನ್ಯೂಯಾರ್ಕ್ ಗದ್ದಲ, ಜರ್ಮನಿಯ ಪ್ರಯೋಗ ಎಲ್ಲ ಒಂದೇ ಡಬ್ಬಿಯಲ್ಲಿ. ವುಹಾನಿನ, ನಾನ್‌ಜಿಂಗಿನ, ಲಾನ್‌ಝೋವಿನ ಹುಡುಗರು ಇವನ್ನು ಹಿಂದುಮುಂದಿಲ್ಲದೆ ಒಟ್ಟಿಗೇ ಕೇಳಿ ಬೆಳೆದರು. 2000ದ ನಂತರದ ಚೀನೀ ಬ್ಯಾಂಡುಗಳಲ್ಲಿ ಕಾಣುವ ಆ ನಿರ್ಭಿಡೆ ಕಲಸುಮೇಲೋಗರ ಇಲ್ಲಿಂದಲೇ ಬಂದಿದ್ದು ಎಂದು ನನ್ನ ನಂಬಿಕೆ.

ಲೇಬಲ್ಲುಗಳೂ ಹುಟ್ಟಿದವು. 1997ರಲ್ಲಿ ಶೆನ್ ಲಿಹುಯಿ ಎಂಬ ಬ್ಯಾಂಡು ಗಾಯಕ ಮಾಡರ್ನ್ ಸ್ಕೈ ಶುರು ಮಾಡಿದರು. ಅದು ಮುಂದೆ ಸ್ಟ್ರಾಬೆರಿ ಸಂಗೀತೋತ್ಸವ ನಡೆಸುವ ದೊಡ್ಡ ಕಂಪನಿಯಾಯಿತು. 1993ರಲ್ಲಿ ಬೀಜಿಂಗಿನಲ್ಲಿ ತೆರೆದ ಮಿಡಿ ಸಂಗೀತ ಶಾಲೆ 2000ದಿಂದ ತನ್ನ ಉತ್ಸವ ನಡೆಸತೊಡಗಿತು. ಬೀಜಿಂಗಿನ ವುದಾವ್‌ಕೋ ಪ್ರದೇಶದಲ್ಲಿ ಸ್ಕ್ರೀಮ್ ಎಂಬ ಕ್ಲಬ್ಬಿನ ಸುತ್ತ ಪಂಕ್ ಹುಡುಗರ ಗುಂಪು ಕಟ್ಟಿಕೊಂಡಿತ್ತು. ಅಂದರೆ ಪೆಟ್ಟಿಸ್ ಬಂದಾಗ ಬೀಜಿಂಗ್ ಖಾಲಿ ಬಯಲಾಗಿರಲಿಲ್ಲ. ಹೊರಗಿನವನೊಬ್ಬ ಬಂದು ಚೀನಾಕ್ಕೆ ರಾಕ್ ಕಲಿಸಿದ ಎಂಬ ಧಾಟಿಯ ಬರಹಗಳು ಆಗ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುತ್ತಿದ್ದವು. ಅವನ್ನು ಓದಿದರೆ ನನಗೆ ಬೇಸರವಾಗುತ್ತದೆ. ಬ್ಯಾಂಡುಗಳು ಮೊದಲೇ ಇದ್ದವು, ಕೇಳುವವರೂ ಇದ್ದರು.

ಪೆಟ್ಟಿಸ್ ವಾಲ್ ಸ್ಟ್ರೀಟಿನಲ್ಲಿ ಕೆಲಸ ಮಾಡಿ 2002ರಲ್ಲಿ ಚೀನಾಕ್ಕೆ ಬಂದವರು. 1980ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ ಅವರು ಒಂದು ಸಣ್ಣ ಕ್ಲಬ್ ನಡೆಸಿದ್ದರು. ನಾಲ್ಕಾರು ಬ್ಯಾಂಡುಗಳು ವಾರವಾರವೂ ಒಂದೇ ಕೋಣೆಯಲ್ಲಿ ಒಂದರ ಎದುರು ಒಂದು ನುಡಿಸುತ್ತಾ ಹೋದರೆ ಏನಾಗುತ್ತದೆ ಎಂದು ಅಲ್ಲಿ ಅವರು ಕಣ್ಣಾರೆ ಕಂಡಿದ್ದರು. 2006ರಲ್ಲಿ ವುದಾವ್‌ಕೋದಲ್ಲಿ ಅವರು ಮತ್ತು ಅವರ ಜೊತೆಗಾರರು ಡಿ-22 ಎಂಬ ಕ್ಲಬ್ ತೆರೆದರು. ವುದಾವ್‌ಕೋ ಅಂದರೆ ವಿದ್ಯಾರ್ಥಿಗಳ ಕೇರಿ. ಪೀಕಿಂಗ್, ಚಿಂಗ್‌ಹುವಾ, ಭಾಷಾ ವಿಶ್ವವಿದ್ಯಾಲಯ ಎಲ್ಲ ಅಲ್ಲೇ ಸುತ್ತಮುತ್ತ. ಕ್ಲಬ್ಬು ಉದ್ದಕ್ಕೆ, ಇಕ್ಕಟ್ಟಾಗಿ ಇತ್ತು. ಜನ ತುಂಬಿದರೆ ವೇದಿಕೆಗೂ ಕೇಳುಗರಿಗೂ ನಡುವೆ ಜಾಗವೇ ಇರುತ್ತಿರಲಿಲ್ಲ.

ಡಿ-22 ಅಲ್ಲಿನ ಹುಡುಗರಿಗೆ ಅರಳಿಕಟ್ಟೆಯಾಯಿತು. ಬೇರೆ ಕಡೆ ಕ್ಲಬ್ಬಿನವರು ಜನ ಎಷ್ಟು ಬರುತ್ತಾರೆ, ಬಿಯರ್ ಎಷ್ಟು ಖರ್ಚಾಗುತ್ತದೆ ಎಂದು ನೋಡಿ ಬ್ಯಾಂಡು ಕರೆಸುತ್ತಾರೆ. ಇಲ್ಲಿ ಹತ್ತು ಜನ ಕೇಳುವ ಬ್ಯಾಂಡಿಗೂ ಮತ್ತೆ ಮತ್ತೆ ಅವಕಾಶ ಸಿಗುತ್ತಿತ್ತು. ಝು ವೆನ್‌ಬೋ ಎಂಬ ಸಂಗೀತಗಾರ 2009ರಿಂದ ಇಲ್ಲಿ ಝೂಮಿನ್ ನೈಟ್ ಎಂಬ ವಾರದ ಕಾರ್ಯಕ್ರಮ ನಡೆಸಿದರು. ಪೂರ್ತಿ ಪ್ರಯೋಗದ ಸಂಗೀತ. ವಾರದ ಮಧ್ಯದ ರಾತ್ರಿ, ಜನ ಕಡಿಮೆ. ವ್ಯಾಪಾರದ ಲೆಕ್ಕದಲ್ಲಿ ಅದನ್ನು ಯಾವತ್ತೋ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮುಂದೆ ಒಳ್ಳೆಯ ಆಲ್ಬಮ್‌ಗಳನ್ನು ಮಾಡಿದ ಎಷ್ಟೋ ಜನ ಈ ಖಾಲಿ ಕುರ್ಚಿಗಳ ಮುಂದೆ ನುಡಿಸಿಯೇ ಕಲಿತರು.

ಈಗ ಬ್ಯಾಂಡುಗಳಿಗೆ ಬರುತ್ತೇನೆ. ಎಲ್ಲರ ಬಗ್ಗೆ ಹೇಳಲು ಹೋದರೆ ಬರೀ ಹೆಸರಿನ ಪಟ್ಟಿಯಾಗುತ್ತದೆ. ಒಂದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ಕಾರ್‌ಸಿಕ್ ಕಾರ್ಸ್. 2005ರಲ್ಲಿ ಹುಟ್ಟಿದ ಮೂವರ ಬ್ಯಾಂಡು. ಗಿಟಾರ್ ಮತ್ತು ಹಾಡು ಝಾಂಗ್ ಶೋವಾಂಗ್, ಬಾಸ್ ಲಿ ವೇಸಿ, ಡ್ರಮ್ಸ್ ಲಿ ಚಿಂಗ್. ಲಿ ಚಿಂಗ್ ಹೆಣ್ಣುಮಗಳು. ಆಕೆಯ ಬಡಿತದಲ್ಲಿ ಆಡಂಬರ ಇಲ್ಲ, ಗಡಿಯಾರದ ಹಾಗೆ ನಿಂತಿರುತ್ತದೆ. ಅದರ ಮೇಲೆ ಶೋವಾಂಗ್ ಗಿಟಾರ್ ಒಂದೇ ಸ್ವರವನ್ನು ಹಿಡಿದು ಎಳೆಯುತ್ತಾ, ಕೆರೆಯುತ್ತಾ ಕೊನೆಗೆ ಗೋಡೆಯಷ್ಟು ದಪ್ಪ ಮಾಡುತ್ತದೆ. ಹಾಡಿನ ಸಾಲು ಎರಡೋ ಮೂರೋ, ಅಷ್ಟೆ. ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಅವರ ಹೆಸರಾದ ಹಾಡೊಂದು ಬೀಜಿಂಗಿನ ಒಂದು ಸಿಗರೇಟ್ ಬ್ರ್ಯಾಂಡಿನ ಹೆಸರಿನದು. ಅದು ಶುರುವಾದರೆ ಕೇಳುಗರು ವೇದಿಕೆಯ ಮೇಲೆ ಸಿಗರೇಟ್ ಎಸೆಯುವುದು ರೂಢಿಯಾಯಿತು.

ಇದೇ ಬ್ಯಾಂಡಿನ ಲಿ ವೇಸಿ, ಲಿ ಚಿಂಗ್ ಇಬ್ಬರೂ ಸ್ನ್ಯಾಪ್‌ಲೈನ್ ಎಂಬ ಇನ್ನೊಂದು ಬ್ಯಾಂಡಿನಲ್ಲೂ ಇದ್ದರು. ಶೋವಾಂಗ್ ಅವರು 'ವೈಟ್' ಎಂಬ ಇನ್ನೊಂದು ತಂಡದಲ್ಲಿ ನುಡಿಸುತ್ತಿದ್ದರು. ಒಬ್ಬರ ಬ್ಯಾಂಡಿನಲ್ಲಿ ಇನ್ನೊಬ್ಬರು, ಒಬ್ಬರ ಆಂಪ್ಲಿಫೈಯರ್ ಇನ್ನೊಬ್ಬರ ಬಳಿ. ಈ ಗೆಳೆಯರ ಗುಂಪಿಗೆ 'ನೋ ಬೀಜಿಂಗ್' ಎಂಬ ಹೆಸರೂ ಇತ್ತು. ಹೀಗೆ ಒಂದೇ ಕಡೆ ಸೇರುವ ಜನ ಇದ್ದರೆ ಒಂದು ಬ್ಯಾಂಡು ಹೊಸದೇನಾದರೂ ಕಂಡುಕೊಂಡ ಕೂಡಲೇ ಮುಂದಿನ ವಾರ ಉಳಿದವರೂ ಅದಕ್ಕೆ ಉತ್ತರ ಕೊಡುತ್ತಾರೆ. 2007ರಲ್ಲಿ ನ್ಯೂಯಾರ್ಕಿನ ಹೆಸರಾಂತ ರಾಕ್ ಬ್ಯಾಂಡು ಸೋನಿಕ್ ಯೂತ್ ತಮ್ಮ ಯುರೋಪ್ ಕಾರ್ಯಕ್ರಮಗಳಿಗೆ ಕಾರ್‌ಸಿಕ್ ಕಾರ್ಸನ್ನು ಕರೆಸಿಕೊಂಡಿತು. ವಿಯೆನ್ನಾ, ಪ್ರಾಗ್ ನಗರಗಳಲ್ಲಿ ಈ ಮೂವರು ಅವರಿಗಿಂತ ಮುಂಚೆ ನುಡಿಸಿದರು.

ಮೇಬಿ ಮಾರ್ಸ್ ಹುಟ್ಟಿದ್ದು ಇದೇ ವರ್ಷ. ಕಾರಣ ತುಂಬಾ ಸರಳ. ಕ್ಲಬ್ಬಿನಲ್ಲಿ ಪ್ರತಿ ವಾರ ಒಳ್ಳೆಯ ಸಂಗೀತ ನಡೆಯುತ್ತಿತ್ತು, ಆದರೆ ಅದರ ದಾಖಲೆ ಇರಲಿಲ್ಲ. ಬ್ಯಾಂಡುಗಳ ಆಯಸ್ಸು ಕಡಿಮೆ. ಕಾಲೇಜು ಮುಗಿಯುತ್ತದೆ, ಮನೆಯಲ್ಲಿ ಕೆಲಸ ಹುಡುಕು ಅಂತಾರೆ, ಡ್ರಮ್ಮರ್ ಊರು ಬಿಡುತ್ತಾನೆ. ಎರಡು ವರ್ಷ ತಡ ಮಾಡಿದರೆ ರೆಕಾರ್ಡ್ ಮಾಡಲು ಬ್ಯಾಂಡೇ ಇರುವುದಿಲ್ಲ. ಅದಕ್ಕೇ ಲೇಬಲ್ ಅವಸರ ಮಾಡಿತು. ಮೊದಲ ವರ್ಷವೇ ಕಾರ್‌ಸಿಕ್ ಕಾರ್ಸ್, ಸ್ನ್ಯಾಪ್‌ಲೈನ್ ಬ್ಯಾಂಡುಗಳ ಮೊದಲ ಆಲ್ಬಮ್‌ಗಳು ಹೊರಬಂದವು. ಆ ಅವಸರ ಸರಿಯಾಗಿತ್ತು ಎಂದು ಮುಂದೆ ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಲಿ ವೇಸಿ, ಲಿ ಚಿಂಗ್ ಕಾರ್‌ಸಿಕ್ ಕಾರ್ಸ್ ಬಿಟ್ಟರು. ಶೋವಾಂಗ್ ಬೇರೆಯವರೊಡನೆ ಮುಂದುವರಿದರು. ಜಾಯ್‌ಸೈಡ್ ಎಂಬ ಇನ್ನೊಂದು ಪ್ರೀತಿಯ ಬ್ಯಾಂಡು 2009ರಲ್ಲಿ ಒಡೆದು, ಹತ್ತು ವರ್ಷ ಕಳೆದ ಮೇಲೆ ಮತ್ತೆ ಸೇರಿತು. ಕಾರ್‌ಸಿಕ್ ಕಾರ್ಸ್‌ನ ಆ ಮೊದಲ ಮೂವರು ಒಟ್ಟಿಗೆ ನುಡಿಸಿದ ಸದ್ದು ಇವತ್ತು ನಮಗೆ ಕೇಳಲು ಸಿಗುವುದು ಆಗ ಯಾರೋ ಮೈಕು ಇಟ್ಟಿದ್ದರಿಂದ.

ರೆಕಾರ್ಡ್ ಮಾಡುವುದಕ್ಕೂ ಲೇಬಲ್ ಗಂಭೀರವಾಗಿ ಜನರನ್ನು ಹುಡುಕಿತು. ಪಬ್ಲಿಕ್ ಇಮೇಜ್ ಲಿಮಿಟೆಡ್ ಎಂಬ ಬ್ರಿಟಿಷ್ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸಿದ್ದ ಮಾರ್ಟಿನ್ ಆಟ್ಕಿನ್ಸ್ ಬೀಜಿಂಗಿಗೆ ಬಂದು ಸ್ನ್ಯಾಪ್‌ಲೈನ್ ಆಲ್ಬಮ್ ಮಾಡಿದರು. ಕಾರ್‌ಸಿಕ್ ಕಾರ್ಸ್‌ನ 2009ರ ಎರಡನೇ ಆಲ್ಬಮ್‌ಗೆ ನ್ಯೂಯಾರ್ಕಿನ ನಿರ್ಮಾಪಕ ವಾರ್ಟನ್ ಟಿಯರ್ಸ್ ಕೆಲಸ ಮಾಡಿದರು. ವುಹಾನಿನ ಎ.ವಿ. ಒಕುಬೋ ಬ್ಯಾಂಡಿಗೆ ಗ್ಯಾಂಗ್ ಆಫ್ ಫೋರ್ ಎಂಬ ಬ್ರಿಟಿಷ್ ಬ್ಯಾಂಡಿನ ಆ್ಯಂಡಿ ಗಿಲ್. ಈ ಹೆಸರುಗಳು ತೂಕದವು ನಿಜ. ಆದರೆ ನನಗೆ ಇವರೆಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಯಾಂಗ್ ಹೈಸೊಂಗ್.

ಯಾಂಗ್ ಹೈಸೊಂಗ್ ಪಿ.ಕೆ.14 ಬ್ಯಾಂಡಿನ ಗಾಯಕ. ಬ್ಯಾಂಡು 1997ರಲ್ಲಿ ನಾನ್‌ಜಿಂಗಿನಲ್ಲಿ ಹುಟ್ಟಿ ಆಮೇಲೆ ಬೀಜಿಂಗಿಗೆ ಬಂತು. ಅವರು ಹಾಡುವುದು ಚೀನೀ ಭಾಷೆಯಲ್ಲೇ, ಅದೂ ಕವಿಯ ಕೈಯಿಂದ ಬಂದ ಸಾಲುಗಳು. ಆ ಕಾಲದ ಕೆಲವು ಬೀಜಿಂಗ್ ಬ್ಯಾಂಡುಗಳು ಇಂಗ್ಲಿಷಿನಲ್ಲಿ ಹಾಡುತ್ತಿದ್ದವು. ದಾಕೋ ಕೇಳಿ ಬೆಳೆದವರಿಗೆ ರಾಕ್ ಅಂದರೆ ಇಂಗ್ಲಿಷೇ ಕಿವಿಯಲ್ಲಿ ಕೂತಿತ್ತು, ಅದು ಸಹಜ. ಆದರೂ ಪಿ.ಕೆ.14 ಕೇಳಿದರೆ ಸ್ವಂತ ಮಾತಿನ ಏರಿಳಿತವೇ ತಾಳವನ್ನು ಹೇಗೆ ಬದಲಿಸುತ್ತದೆ ಅಂತ ಗೊತ್ತಾಗುತ್ತದೆ. ಭಾಷೆ ಬಾರದ ನನಗೂ ಅದು ಗೊತ್ತಾಯಿತು.

ಕಾರ್‌ಸಿಕ್ ಕಾರ್ಸ್‌ನ ಮೊದಲ ಆಲ್ಬಮ್‌ಗೆ ನಿರ್ಮಾಪಕರಾಗಿ ಕೂತವರು ಇವರೇ. ಅಲ್ಲಿಂದ ಮುಂದೆ ಕಿರಿಯ ಬ್ಯಾಂಡುಗಳನ್ನು ಒಂದರ ಹಿಂದೊಂದು ರೆಕಾರ್ಡ್ ಮಾಡುತ್ತಾ ಬಂದರು. ಕೊನೆಗೆ ಲೇಬಲ್ಲಿನ ಹೊಣೆಯೇ ಅವರ ಕೈಗೆ ಬಂತು. ಮೇಬಿ ಮಾರ್ಸ್ ಮಾಡಿದ ಎಲ್ಲ ತೀರ್ಮಾನಗಳಲ್ಲಿ ಇದು ಅತ್ಯುತ್ತಮವಾದದ್ದು. ದುಡ್ಡು ಹಾಕಿದವರು ವಿದೇಶಿಯರು, ರುಚಿಯೂ ಅವರದೇ ಎಂಬ ಟೀಕೆ ಮೊದಲಿನಿಂದ ಇತ್ತು. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಶುರುವಿನ ಬ್ಯಾಂಡುಗಳ ಆಯ್ಕೆಯಲ್ಲಿ ನ್ಯೂಯಾರ್ಕಿನ ನೆರಳು ಎದ್ದು ಕಾಣುತ್ತದೆ. ವರ್ಷಗಟ್ಟಲೆ ಚೀನಾದ ಊರೂರು ಸುತ್ತಿ ನುಡಿಸಿದ ಒಬ್ಬ ಸಂಗೀತಗಾರ ಆಯ್ಕೆ ಮಾಡಲು ಕೂತಾಗ ಆ ನೆರಳು ತೆಳುವಾಯಿತು.

ಅದಕ್ಕೆ ಹೈಪರ್‌ಸನ್ ಒಳ್ಳೆಯ ಉದಾಹರಣೆ. ಬೀಜಿಂಗಿನಿಂದ ಬಹಳ ದೂರದ ಚೆಂಗ್ಡು ನಗರದ ಬ್ಯಾಂಡು. ಹಾಡುವವರು ಚೆನ್ ಸಿಜಿಯಾಂಗ್ ಎಂಬ ಯುವತಿ. 2015ರಲ್ಲಿ ಅವರ ಮೊದಲ ಆಲ್ಬಮ್ ಮೇಬಿ ಮಾರ್ಸ್‌ನಿಂದ ಬಂತು, ರೆಕಾರ್ಡ್ ಮಾಡಿಸಿದವರು ಯಾಂಗ್ ಹೈಸೊಂಗ್. ಆಕೆ ಹಾಡುತ್ತಾರೋ ಮಾತಾಡುತ್ತಾರೋ ಎಂದು ಗೆರೆ ಎಳೆಯುವುದು ಕಷ್ಟ. ಗಿಟಾರುಗಳು ಸುಮ್ನೆ ಹಿಂದೆ ನಿಲ್ಲುವುದಿಲ್ಲ, ಆಕೆಯೊಡನೆ ವಾದಕ್ಕೆ ಇಳಿಯುತ್ತವೆ.

ಇನ್ನು ದುಡ್ಡಿನ ವಿಷಯ. ಇದನ್ನು ಬಿಟ್ಟು ಸ್ವತಂತ್ರ ಲೇಬಲ್ ಬಗ್ಗೆ ಮಾತಾಡುವುದು ಸರಿಯಲ್ಲ. 2007ರ ಹೊತ್ತಿಗೆ ಚೀನಾದಲ್ಲಿ ಸಿ.ಡಿ. ಮಾರಿ ಬದುಕುವುದು ಆಗದ ಮಾತಾಗಿತ್ತು. ಬೀದಿಯಲ್ಲಿ ನಕಲಿ ಸಿ.ಡಿ. ಸಿಗುತ್ತಿತ್ತು. ಬೈದು ಎಂಬ ಹುಡುಕಾಟದ ತಾಣದಲ್ಲಿ ಹುಡುಕಿದರೆ ಹಾಡೇ ಬಿಟ್ಟಿಯಾಗಿ ಸಿಗುತ್ತಿತ್ತು. ಕ್ಲಬ್ಬೂ ಲಾಭದ್ದಲ್ಲ. ಪೆಟ್ಟಿಸ್ ತಮ್ಮ ಕೈಯಿಂದ ಹಾಕಿ ನಡೆಸಿದರು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇದರಲ್ಲಿ ಒಂದು ಅಪಾಯ ಇದೆ. ಒಬ್ಬ ವ್ಯಕ್ತಿಯ ಜೇಬಿನ ಮೇಲೆ ನಿಂತ ವ್ಯವಸ್ಥೆ ಆತನ ಮನಸ್ಸು, ಆರೋಗ್ಯ, ವೀಸಾ ಎಲ್ಲದರ ಮೇಲೂ ನಿಂತಿರುತ್ತದೆ. ಇನ್ನೊಂದು ಕಡೆ, ಲಾಭ ಬೇಡ ಎನ್ನುವ ಹಣ ಇಲ್ಲದಿದ್ದರೆ ಆ ವರ್ಷಗಳ ಸಂಗೀತದ ದೊಡ್ಡ ಪಾಲು ರೆಕಾರ್ಡ್ ಆಗುತ್ತಲೇ ಇರಲಿಲ್ಲ. ನಾನು ಆ ಅಪಾಯದ ಪರ.

ಅನುಮತಿಯ ತೊಡಕು ಇನ್ನೊಂದು. ಚೀನಾದಲ್ಲಿ ಖಾಸಗಿ ಲೇಬಲ್ ತಾನಾಗಿಯೇ ಸಿ.ಡಿ. ಪ್ರಕಟಿಸುವ ಹಾಗಿಲ್ಲ. ಸರ್ಕಾರದ ಪರವಾನಗಿ ಇರುವ ಪ್ರಕಾಶನ ಸಂಸ್ಥೆಯೊಂದರ ಮೂಲಕವೇ ಹೋಗಬೇಕು. ಹಾಡಿನ ಸಾಹಿತ್ಯವನ್ನು ಪರಿಶೀಲನೆಗೆ ಕೊಡಬೇಕು. ಕಾರ್ಯಕ್ರಮ ನಡೆಸಲೂ ಸಂಸ್ಕೃತಿ ಇಲಾಖೆಯ ಒಪ್ಪಿಗೆ ಬೇಕು. ಹೀಗಿದ್ದರೂ ಚೀನಾದ ಎಲ್ಲ ಬ್ಯಾಂಡುಗಳೂ ಬಂಡಾಯಗಾರರು ಎಂದು ಹೊರಗಿನ ಪತ್ರಕರ್ತರು ಬರೆಯುವುದು ನನಗೆ ಹಿಡಿಸುವುದಿಲ್ಲ. ಈ ಹಾಡುಗಳಲ್ಲಿ ಬೇಸರ, ಪ್ರೀತಿ, ಬಾಡಿಗೆ ಕೋಣೆ, ಹೊಗೆ ತುಂಬಿದ ಆಕಾಶ, ದಿನಾ ಬದಲಾಗುವ ಊರು ಇವೆ. ಸಂಗೀತಕ್ಕೆ ಅಷ್ಟು ಸಾಕಲ್ವಾ? ಅದನ್ನು ಸಂಗೀತವಾಗಿ ಕೇಳದೆ ಬರೀ ರಾಜಕೀಯದ ಸುಳಿವಿಗಾಗಿ ಹುಡುಕಿದರೆ ಆ ಹುಡುಗರಿಗೆ ಅನ್ಯಾಯ ಮಾಡಿದಂತೆ.

ಡಿ-22 ಬಾಗಿಲು ಮುಚ್ಚಿದ್ದು 2012ರ ಜನವರಿಯಲ್ಲಿ. ಅದೇ ವರ್ಷ ಊರ ನಡುವಿನ ಹಳೆಯ ಓಣಿಗಳ ಕಡೆ ಎಕ್ಸ್‌ಪಿ ಎಂಬ ಇನ್ನೊಂದು ಜಾಗ ತೆರೆಯಿತು, 2015ರಲ್ಲಿ ಅದೂ ಮುಚ್ಚಿತು. ಮರುವರ್ಷ ಮಾವೋ ಲೈವ್‌ಹೌಸ್ ಎಂಬ ಹೆಸರಾಂತ ಜಾಗವೂ ಹೋಯಿತು. ಲೇಬಲ್ ಮಾತ್ರ ಉಳಿಯಿತು. ಪಿ.ಕೆ.14 ಷಿಕಾಗೋಗೆ ಹೋಗಿ ಸ್ಟೀವ್ ಆಲ್ಬಿನಿ ಎಂಬ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ಅವರ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್ ಕೂಡ ಮೇಬಿ ಮಾರ್ಸ್‌ನದೇ.

2019ರಲ್ಲಿ ಇನ್ನೊಂದು ತಿರುವು. ಐಚೀಯಿ ಎಂಬ ವಿಡಿಯೋ ತಾಣ ಬ್ಯಾಂಡುಗಳ ಸ್ಪರ್ಧೆಯ ಒಂದು ಕಾರ್ಯಕ್ರಮ ಶುರು ಮಾಡಿತು. ದೇಶವೇ ಕೂತು ನೋಡಿತು. ಮೊದಲ ವರ್ಷ ನ್ಯೂ ಪ್ಯಾಂಟ್ಸ್ ಎಂಬ ಬ್ಯಾಂಡು ಗೆದ್ದಿತು. ಮತ್ತೆ ಸೇರಿದ ಜಾಯ್‌ಸೈಡ್ ಮರುವರ್ಷ ಬಂತು. ವರ್ಷಗಟ್ಟಲೆ ನೂರಿನ್ನೂರು ಜನರ ಮುಂದೆ ನುಡಿಸಿದವರಿಗೆ ಏಕಾಏಕಿ ಲಕ್ಷಾಂತರ ಕೇಳುಗರು. ಒಳ್ಳೆಯದೇ. ಬ್ಯಾಂಡುಗಳ ಸಂಭಾವನೆ ಏರಿತು, ಮನೆಯವರಿಗೆ ಮಗ ಏನು ಮಾಡುತ್ತಿದ್ದಾನೆ ಎಂದು ಟಿ.ವಿ.ಯಲ್ಲೇ ಕಂಡಿತು. ಆದರೆ ಆ ವೇದಿಕೆಗೆ ಬಂದದ್ದು ಹತ್ತು ಹದಿನೈದು ವರ್ಷ ಪಳಗಿದ ಬ್ಯಾಂಡುಗಳು. ಅವು ಹತ್ತು ಜನರ ಮುಂದೆ ತಪ್ಪು ಮಾಡಿ ಕಲಿಯುತ್ತಿದ್ದ ಕಾಲದಲ್ಲಿ ಯಾವ ಕ್ಯಾಮೆರಾವೂ ಅಲ್ಲಿ ಇರಲಿಲ್ಲ. ಈಗ ಗ್ಯಾರೇಜಿನಲ್ಲೋ ಹಾಸ್ಟೆಲಿನಲ್ಲೋ ಶುರು ಮಾಡುತ್ತಿರುವ ಹುಡುಗಿಗೆ, ಹುಡುಗನಿಗೆ ಅಂಥ ಕೋಣೆ ಬೇಕು. ದೊಡ್ಡ ಕಂಪನಿಗಳು ಅದನ್ನು ಕಟ್ಟಿಕೊಡುವುದನ್ನು ನಾನು ಕಾಣೆ.

ಜಾಲತಾಣದಲ್ಲಿ ಎಲ್ಲ ಇದೆಯಲ್ಲ, ಲೇಬಲ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಷಿಯಾಮಿ ಎಂಬ ಸಂಗೀತ ತಾಣ ಚೀನಾದ ಸ್ವತಂತ್ರ ಸಂಗೀತ ಪ್ರಿಯರ ಮನೆಯಂತಿತ್ತು. 2021ರ ಫೆಬ್ರವರಿ 5ರಂದು ಅದು ಮುಚ್ಚಿತು. ಜನ ವರ್ಷಗಳಿಂದ ಕೂಡಿಸಿದ ಪಟ್ಟಿಗಳು, ಬರೆದ ಟಿಪ್ಪಣಿಗಳು ಹೋದವು. ಮಾಸ್ಟರ್ ಟೇಪನ್ನು ಜೋಪಾನ ಮಾಡುವ, ಯಾರು ಯಾವಾಗ ಏನು ನುಡಿಸಿದರು ಎಂದು ಬರೆದಿಡುವ ಒಬ್ಬರು ಬೇಕೇ ಬೇಕು.

ಕೇಳಲು ಎಲ್ಲಿಂದ ಶುರು ಮಾಡುವುದು ಎಂದು ನೀವು ಕೇಳುವುದು ಖಂಡಿತ, ಹಾಗಾಗಿ ಈಗಲೇ ಹೇಳುತ್ತೇನೆ. ಮೊದಲು ಕಾರ್‌ಸಿಕ್ ಕಾರ್ಸ್‌ನ 2007ರ ಆಲ್ಬಮ್. ಸದ್ದು ಜೋರಾಗಿಟ್ಟು, ಒಂದೇ ಸಲಕ್ಕೆ ಪೂರ್ತಿ ಕೇಳಿ. ಆಮೇಲೆ ಅದೇ ವರ್ಷದ ಸ್ನ್ಯಾಪ್‌ಲೈನ್. ಅದೇ ಲಿ ವೇಸಿ, ಲಿ ಚಿಂಗ್ ಇಲ್ಲಿ ಎಷ್ಟು ತಣ್ಣಗೆ, ಎಷ್ಟು ಬೇರೆಯಾಗಿ ನುಡಿಸುತ್ತಾರೆ ಎಂದು ಹೋಲಿಸಿ. ಮೂರನೆಯದು ಪಿ.ಕೆ.14, ಯಾವ ಆಲ್ಬಮ್ ಆದರೂ ಸರಿ. ಇವು ಹಿಡಿಸಿದರೆ ಹೈಪರ್‌ಸನ್ ಕಡೆ ಬನ್ನಿ. ಅವರ ಮೊದಲ ಆಲ್ಬಮ್ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದ ಹಾಗೆ ಅನ್ನಿಸಿದರೆ ಒಂದು ವಾರ ಬಿಟ್ಟು ಮತ್ತೆ ಹಾಕಿ. ಪ್ರಶ್ನೆಗಳಿದ್ದರೆ ಈಗ ತೆಗೆದುಕೊಳ್ಳುತ್ತೇನೆ.